ತೆರೆಯುವ ಮುನ್ನ ಓದುವುದು

ಕನ್ನಡ ವಿಭಾಗದ ಸ್ಮರಣ ಸಂಪುಟಕ್ಕೆ ಒಂದು ಪ್ರಬಂಧವನ್ನು ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ, ಯಾವ ವಿಷಯವನ್ನು ಆರಿಸಿಕೊಳ್ಳಲೆಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಲಿಲ್ಲ. ಈ ಸಂಪುಟದ ಇತರ ಲೇಖಕರು ಕಾವ್ಯ, ಶಾಸನ, ವ್ಯಾಕರಣ, ಜಾನಪದಗಳನ್ನು ಕುರಿತು ಅಧಿಕಾರದಿಂದ ಬರೆಯಬಲ್ಲವರು. ನಾನಾದರೋ ವೃತ್ತಿಯಿಂದ ವಿಮಾನ ನಿರ್ವಹಣೆಯ ಎಂಜಿನಿಯರ್. ಮೂವತ್ತೈದು ವರ್ಷಗಳಿಗೂ ಮಿಕ್ಕು ಸಣ್ಣ ವಿಮಾನಗಳ ನಡುವೆ, ಕೈಗೆ ಎಣ್ಣೆ ಬಳಿದುಕೊಂಡು ಬದುಕಿದವನು; ನಿವೃತ್ತಿಯ ಅಂಚಿನಲ್ಲಿ, ಬೀದರಿನ ಶಾಲಾದಿನಗಳಿಂದಲೂ ಉಳಿದುಬಂದಿದ್ದ ಕನ್ನಡದ ಮೇಲಿನ ಪ್ರೀತಿಯನ್ನು ತೀರಿಸಿಕೊಳ್ಳಲು ಬಾಹ್ಯ ವಿದ್ಯಾರ್ಥಿಯಾಗಿ ಎಂ.ಎ. ಓದಿದವನು. ಗ್ರಂಥಸಂಪಾದನೆಯ ಪತ್ರಿಕೆಗೆ ಸಿದ್ಧನಾಗುತ್ತಿದ್ದ ದಿನಗಳಲ್ಲಿ ನನಗೊಂದು ಅಚ್ಚರಿ ಕಾದಿತ್ತು. ತಾಳೆಗರಿಯ ಪ್ರತಿಗಳನ್ನು ಹೋಲಿಸಿ, ಕಾಣದ ಮೂಲಪಾಠವನ್ನು ಊಹಿಸುವ ವಿದ್ವಾಂಸರು ಅನುಸರಿಸುವ ಮಾರ್ಗವು, ಬಿಚ್ಚದ ಎಂಜಿನ್ನಿನೊಳಗಿನ ಮುರಿದ ಭಾಗವನ್ನು ಹೊರಗಿನಿಂದಲೇ ಗುರುತಿಸಲು ನನ್ನ ಗುರುಗಳು ಕಲಿಸಿದ ಮಾರ್ಗವೇ ಆಗಿತ್ತು. ಈ ಹೋಲಿಕೆಯನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಒಂದು ನಿಜವಾದ ಪ್ರಕರಣದಲ್ಲಿ ಅದು ನಮಗೆ ದಾರಿ ತೋರಿಸಿತು. ಆ ಪ್ರಕರಣವನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಮೊದಲಿಗೆ, ಬಿಚ್ಚಿ ನೋಡಬಾರದೇಕೆ ಎಂಬ ಸಹಜವಾದ ಪ್ರಶ್ನೆಗೆ ಉತ್ತರಿಸಬೇಕು. ಮನೆಯ ಗಡಿಯಾರ ಕೆಟ್ಟರೆ ಹಿಂಬದಿಯ ಮುಚ್ಚಳ ತೆಗೆದು ನೋಡುತ್ತೇವೆ. ವಿಮಾನದ ಎಂಜಿನ್ನಿನ ಮಾತು ಬೇರೆ. ಅದರ ಎರಡು ಹೋಳುಗಳ ಹೊರಕವಚವನ್ನು ಬೇರ್ಪಡಿಸುವುದೆಂದರೆ ಎಂಜಿನ್ನನ್ನು ವಿಮಾನದಿಂದ ಇಳಿಸಿ, ಪ್ರತಿಯೊಂದು ಸಿಲಿಂಡರನ್ನೂ ಕಳಚಿ, ಅಧಿಕೃತ ಕಾರ್ಯಾಗಾರಕ್ಕೆ ಕಳುಹಿಸಿ, ತಿಂಗಳುಗಟ್ಟಲೆ ಕಾಯುವುದು. ಲಕ್ಷಗಟ್ಟಲೆ ರೂಪಾಯಿ ವ್ಯಯಿಸುವುದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತುಂಟು. ಸರಿಯಾಗಿದ್ದ ಎಂಜಿನ್ನನ್ನು ಸಂಶಯದ ಮೇಲೆ ಬಿಚ್ಚಿ ಜೋಡಿಸುವಾಗ ಹೊಸ ದೋಷವೊಂದು ಒಳಹೊಗುವ ಅಪಾಯ ಇದ್ದೇ ಇರುತ್ತದೆ. ಆದ್ದರಿಂದ ತೆರೆಯುವುದು ಕೊನೆಯ ಉಪಾಯ. ಅದಕ್ಕೆ ಮೊದಲು ಸಾಕಷ್ಟು ಪ್ರಮಾಣ ಬೇಕು. ಆ ಪ್ರಮಾಣವನ್ನೆಲ್ಲ ಮುಚ್ಚಿದ ಲೋಹದ ಹೊರಗೆ ನಿಂತೇ ಸಂಗ್ರಹಿಸಬೇಕು.

ಕನ್ನಡ ವಿದ್ಯಾರ್ಥಿಗಳಿಗಾಗಿ ಯಂತ್ರದ ರಚನೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ತರಬೇತಿಗೆ ಬಳಸುವ ಸಣ್ಣ ವಿಮಾನಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸಿಲಿಂಡರುಗಳ ಎಂಜಿನ್ ಇರುತ್ತದೆ. ಬಲಕ್ಕೆ ಎರಡು, ಎಡಕ್ಕೆ ಎರಡು ಸಿಲಿಂಡರುಗಳು ಪರಸ್ಪರ ಎದುರುಬದುರಾಗಿ ಮಲಗಿರುತ್ತವೆ. 1958ರಲ್ಲಿ ಮೊದಲು ಹಾರಿದ, ಬೆಂಗಳೂರಿನ ಹಿಂದೂಸ್ತಾನ್ ಸಂಸ್ಥೆ ನಿರ್ಮಿಸಿದ ಪುಷ್ಪಕ ವಿಮಾನದಲ್ಲಿ ಇದ್ದದ್ದು ಇಂಥದೇ ರಚನೆಯ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. 1970ರ ದಶಕದ ಆರಂಭದಲ್ಲಿ ಜಕ್ಕೂರಿನ ಹಾರಾಟದ ಮೈದಾನದಲ್ಲಿ ನಾನು ಕೈ ಪಳಗಿಸಿಕೊಂಡದ್ದು ಅದರ ಮೇಲೆಯೇ. ಪ್ರತಿ ಸಿಲಿಂಡರಿಗೂ ಎರಡು ಕವಾಟಗಳು: ಒಂದು ಗಾಳಿ ಮತ್ತು ಇಂಧನದ ಮಿಶ್ರಣವನ್ನು ಒಳಗೆ ಬಿಡುತ್ತದೆ, ಇನ್ನೊಂದು ಉರಿದ ಹೊಗೆಯನ್ನು ಹೊರಗೆ ಬಿಡುತ್ತದೆ. ಇವನ್ನು ತಕ್ಕ ಸಮಯಕ್ಕೆ ತೆರೆಯುವುದು ಕ್ಯಾಮ್ ದಂಡ ಎಂಬ ಉಕ್ಕಿನ ದಂಡ. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ದಂಡ ತಿರುಗಿದಂತೆ ಉಬ್ಬು ತನ್ನ ಮೇಲೆ ಕುಳಿತ ಟ್ಯಾಪೆಟ್ ಎಂಬ ಗುಂಡಿಯನ್ನು ನೂಕುತ್ತದೆ. ಗುಂಡಿ ಒಂದು ಸರಳನ್ನು ನೂಕುತ್ತದೆ. ಸರಳು ಕವಾಟವನ್ನು ತೆರೆಯುತ್ತದೆ. ಹೊಗೆಯ ಕವಾಟಗಳಿಗೆ ಒಂದೊಂದಕ್ಕೂ ಪ್ರತ್ಯೇಕವಾದ ಉಬ್ಬು ಉಂಟು. ಒಳಗೆ ಬಿಡುವ ಕವಾಟಗಳ ವಿಷಯದಲ್ಲಾದರೋ ಎದುರುಬದುರಾದ ಎರಡು ಸಿಲಿಂಡರುಗಳಿಗೆ ಸೇರಿ ಒಂದೇ ಉಬ್ಬು. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ನಿವೃತ್ತಿಯ ನಂತರ ನಾನು ನೆಲೆಸಿದ್ದು ಹೈದರಾಬಾದಿನ ಮಣಿಕೊಂಡದಲ್ಲಿ. ಗೋಲ್ಕೊಂಡ ಕೋಟೆಯ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ಬೆಣಚುಬಂಡೆಗಳ ನಡುವೆ ಇದ್ದ ಈ ಹಳ್ಳಿಯನ್ನು ಹಳೆಯ ಕಾಗದಪತ್ರಗಳು ಇಂದಿಗೂ ಮಣಿಕೊಂಡ ಜಾಗೀರ್ ಎಂದೇ ಕರೆಯುತ್ತವೆ. ಮಾಹಿತಿ ತಂತ್ರಜ್ಞಾನದ ಕಚೇರಿಗಳು ಸುತ್ತಲೂ ಎದ್ದ ಮೇಲೆ ಬಂಡೆಗಳ ಜಾಗದಲ್ಲಿ ಬಹುಮಹಡಿಗಳು ನಿಂತವು. 2018ರಲ್ಲಿ ಅದು ಪುರಸಭೆಯೂ ಆಯಿತು. ಬೀದರ, ಕಲಬುರಗಿ, ರಾಯಚೂರುಗಳ ಕಡೆಯ ಎಷ್ಟೋ ಕುಟುಂಬಗಳು ಇಲ್ಲಿವೆ. 1956ರ ಮೊದಲು ಒಂದೇ ಸಂಸ್ಥಾನ, ಒಂದೇ ರಾಜ್ಯವಾಗಿದ್ದ ಪ್ರದೇಶದ ಜನರಿಗೆ ಹೈದರಾಬಾದು ಎಂದೂ ಪರಸ್ಥಳವಾಗಿರಲಿಲ್ಲ. ನಮ್ಮ ಕಟ್ಟಡದಲ್ಲಿಯೇ, ಬಂಧುಗಳ ಮನೆಯಲ್ಲಿ ಉಳಿದುಕೊಂಡು, ಉತ್ತರ ಕರ್ನಾಟಕದ ಒಬ್ಬ ಯುವತಿ ನಗರದ ಹೊರಗಿನ ಹಾರಾಟ ಶಾಲೆಯೊಂದರಲ್ಲಿ ವಿಮಾನ ಚಾಲನೆಯನ್ನು ಕಲಿಯುತ್ತಿದ್ದಳು. ಶಾಲೆಯ ಹೆಸರು ಇಲ್ಲಿ ಅಪ್ರಸ್ತುತ.

2021ರ ಫೆಬ್ರವರಿಯ ಒಂದು ಸಂಜೆ ಅವಳು ಮಾತಿನ ನಡುವೆ ಹೇಳಿದಳು: ತಾನು ಹಾರಿಸುವ ಎರಡು ಸೆಸ್ನಾ 172 ವಿಮಾನಗಳಲ್ಲಿ ಒಂದು, ನೆಲ ಬಿಟ್ಟು ಏರುವಾಗ ಭಾರವಾದಂತೆ ತೋರುತ್ತದೆ, ಇನ್ನೊಂದು ಹಾಗಿಲ್ಲ. ಇದನ್ನು ಅವಳು ಶಾಲೆಯಲ್ಲಿಯೂ ಹೇಳಿದ್ದಳು. ಎಂಜಿನ್ನಿನ ಎಲ್ಲ ಅಂಕಿಗಳೂ ಮಿತಿಯೊಳಗಿವೆ, ಒಂಟಿ ಹಾರಾಟದ ದಿನ ಹತ್ತಿರವಾದಂತೆ ಕಲಿಯುವವರಿಗೆ ಇಂಥ ಭಾವನೆಗಳು ಸಹಜ ಎಂಬ ಉತ್ತರ ಬಂದಿತ್ತು. ಅವಳು ಬಳಸಿದ 'ಭಾರ' ಎಂಬ ಮಾತು ನನ್ನ ಕಿವಿಯಲ್ಲಿ ನಿಂತಿತು. ಎಂಜಿನ್ ಮುಗ್ಗರಿಸುತ್ತದೆ, ಕೆಮ್ಮುತ್ತದೆ, ನಡುಗುತ್ತದೆ ಎಂದು ಅವಳು ಹೇಳಲಿಲ್ಲ. ಕಿಡಿಯ ದೋಷವಾಗಿದ್ದರೆ ಎಂಜಿನ್ ಕೆಮ್ಮುತ್ತಿತ್ತು. ಒಂದು ಸಿಲಿಂಡರ್ ಕೈಕೊಟ್ಟಿದ್ದರೆ ನಡುಗುತ್ತಿತ್ತು. ಎಲ್ಲವೂ ನಯವಾಗಿದ್ದು ಶಕ್ತಿ ಮಾತ್ರ ಕುಗ್ಗಿದ್ದರೆ ಅದಕ್ಕೆ 'ಭಾರ' ಎಂಬುದೇ ಸರಿಯಾದ ಶಬ್ದ. ಮೇಲಾಗಿ, ಅವಳು ಒಂದೇ ಬಗೆಯ ಎರಡು ವಿಮಾನಗಳನ್ನು ಹೋಲಿಸಿ ಹೇಳಿದ್ದಳು. ಒಂದೇ ಪ್ರತಿಯನ್ನು ನೋಡಿದವನ ಅಭಿಪ್ರಾಯಕ್ಕಿಂತ ಎರಡು ಪ್ರತಿಗಳನ್ನು ಹೋಲಿಸಿದವನ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಆ ಶಾಲೆಯ ನಿರ್ವಹಣೆಯ ಹೊಣೆ ಹೊತ್ತಿದ್ದವರು ಹಿಂದೆ ನನ್ನ ಕೈಕೆಳಗೆ ಕೆಲಸ ಮಾಡಿದ್ದ ಎಂಜಿನಿಯರ್. ನಾನು ದೂರವಾಣಿಯಲ್ಲಿ ವಿಚಾರಿಸಿದೆ. ಅವರಿಗೂ ಒಂದು ಚಿಂತೆ ಇತ್ತೆಂಬುದು ಅವರ ಧ್ವನಿಯಿಂದಲೇ ತಿಳಿಯಿತು. ಮಾರನೆಯ ದಿನ ಅವರು ಮಣಿಕೊಂಡಕ್ಕೆ ಬಂದರು. ತಮ್ಮ ಟಿಪ್ಪಣಿಗಳನ್ನೂ, ಎಂಜಿನ್ನಿನ ದಿನಚರಿಯ ಪುಟಗಳ ಪ್ರತಿಯನ್ನೂ, ಕತ್ತರಿಸಿ ತೆಗೆದ ಎಣ್ಣೆಯ ಸೋಸುಕಾಗದವನ್ನೂ ತಂದಿದ್ದರು. ಎಂಜಿನ್ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ನಿಂತಿತ್ತು. ನಮ್ಮ ಮುಂದಿದ್ದುದು ಅದರ ಸಾಕ್ಷ್ಯಗಳು ಮಾತ್ರ.

ಟಿಪ್ಪಣಿಗಳಲ್ಲಿ ಮುಖ್ಯವಾದುದು ಒತ್ತಡದ ಪರೀಕ್ಷೆ. ಅದನ್ನು ಹೀಗೆ ನಡೆಸುತ್ತಾರೆ. ಪಿಸ್ಟನ್ನನ್ನು ತುದಿಗೆ ತಂದು, ಎರಡೂ ಕವಾಟಗಳು ಮುಚ್ಚಿರುವಾಗ, ಕಿಡಿಯ ಪ್ಲಗ್ಗಿನ ರಂಧ್ರದ ಮೂಲಕ ಸಿಲಿಂಡರಿಗೆ ಚದರ ಅಂಗುಲಕ್ಕೆ 80 ಪೌಂಡ್ ಒತ್ತಡದ ಗಾಳಿಯನ್ನು ಕಿರಿದಾದ ತೂತಿನಿಂದ ಬಿಡುತ್ತಾರೆ. ಸಿಲಿಂಡರ್ ಅದರಲ್ಲಿ ಎಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆಂಬುದನ್ನು ಇನ್ನೊಂದು ಮಾಪಕ ತೋರಿಸುತ್ತದೆ. 60ಕ್ಕಿಂತ ಕೆಳಗಿಳಿದರೆ ಸಿಲಿಂಡರನ್ನು ಕಳಚಿ ನೋಡಬೇಕೆಂಬುದು ರೂಢಿಯ ನಿಯಮ. ಸೋರಿಕೆ ಎಲ್ಲಿಯದೆಂದು ತಿಳಿಯಲು ಕಿವಿಯೇ ಸಾಧನ. ಹೊಗೆಕೊಳವೆಯ ಬಾಯಲ್ಲಿ 'ಸುಯ್' ಎಂದರೆ ಹೊಗೆಯ ಕವಾಟ ಸರಿಯಾಗಿ ಕೂರುತ್ತಿಲ್ಲ. ಗಾಳಿ ಸೇದುವ ಬಾಯಲ್ಲಿ ಕೇಳಿದರೆ ಒಳಬಿಡುವ ಕವಾಟದ ದೋಷ. ಎಣ್ಣೆ ಹೊಯ್ಯುವ ಬಾಯಲ್ಲಿ 'ಬುಸ್' ಎಂದರೆ ಪಿಸ್ಟನ್ನಿನ ಬಳೆಗಳು ಸವೆದಿವೆ ಇಲ್ಲವೆ ಮುರಿದಿವೆ. ನಮ್ಮ ವ್ಯಾಕರಣಗಳು ಅನುಕರಣಾವ್ಯಯಗಳೆಂದು ಕರೆಯುವ ಶಬ್ದಗಳು ಇಲ್ಲಿ ಪಾರಿಭಾಷಿಕ ಪದಗಳೇ ಆಗಿ ನಿಲ್ಲುತ್ತವೆ. ಈ ಎಂಜಿನ್ನಿನಲ್ಲಿ ನಾಲ್ಕೂ ಸಿಲಿಂಡರುಗಳು 74ರಿಂದ 77ರವರೆಗೆ ಹಿಡಿದಿದ್ದವು. ಯಾವ ಬಾಯಲ್ಲಿಯೂ ಹೇಳಿಕೊಳ್ಳುವಂಥ ಸದ್ದಿರಲಿಲ್ಲ. ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳನ್ನು ಒಂದೊಂದಾಗಿ ನಿಲ್ಲಿಸಿದಾಗ ವೇಗದ ಇಳಿತ ಸಮವಾಗಿತ್ತು. ಎಣ್ಣೆಯ ಒತ್ತಡ ಸರಿಯಾಗಿತ್ತು. ಪ್ಲಗ್ಗಿನ ರಂಧ್ರದಿಂದ ಪುಟ್ಟ ಕ್ಯಾಮೆರಾ ಇಳಿಸಿ ನೋಡಿದ ಸಿಲಿಂಡರಿನ ಒಳಗೋಡೆಗಳು ಶುಭ್ರವಾಗಿದ್ದವು. ವಿಮಾನವನ್ನು ನಿಲ್ಲಿಸಿ ಪೂರ್ಣ ಶಕ್ತಿಯಲ್ಲಿ ಓಡಿಸಿದಾಗ ಎಂಜಿನ್ನಿನ ವೇಗ ಕೈಪಿಡಿ ಹೇಳುವ ಮಿತಿಯೊಳಗೇ ಇತ್ತು. ಕೆಳಗಿನ ಅಂಚಿಗೆ ಹತ್ತಿರ, ಆದರೂ ಮಿತಿಯೊಳಗೆ.

ಎಂದರೆ ಪ್ರತಿಯೊಂದು ಪರೀಕ್ಷೆಯಲ್ಲಿಯೂ ಎಂಜಿನ್ ತೇರ್ಗಡೆಯಾಗಿತ್ತು. ಇಲ್ಲಿ ನಾವು ನಿಧಾನಿಸಿ ಯೋಚಿಸಬೇಕು. ಪರೀಕ್ಷೆಯೊಂದು ತಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಪಡೆಯುತ್ತದೆ. ಒತ್ತಡದ ಪರೀಕ್ಷೆ ಕೇಳುವುದು ಕವಾಟಗಳು ಬಿಗಿಯಾಗಿ ಮುಚ್ಚುತ್ತವೆಯೇ ಎಂದು. ಅವು ಬೇಕಾದಷ್ಟು ತೆರೆಯುತ್ತವೆಯೇ ಎಂದು ಅದು ಕೇಳುವುದೇ ಇಲ್ಲ. ಕವಾಟ ಅರ್ಧವೇ ತೆರೆದರೂ, ಮುಚ್ಚುವಾಗ ಪೂರ್ತಿ ಮುಚ್ಚಿದರೆ, ಮಾಪಕ 76 ಎಂದೇ ತೋರಿಸುತ್ತದೆ. ಸಿಲಿಂಡರ್ ಆರೋಗ್ಯವಾಗಿದೆ, ಆದರೆ ಅರೆಹೊಟ್ಟೆಯಲ್ಲಿ ದುಡಿಯುತ್ತಿದೆ. ಛಂದಸ್ಸು ಕೆಡದಿರುವುದನ್ನು ಮಾತ್ರ ನೋಡಿ ಪಾಠ ಶುದ್ಧವೆಂದು ತೀರ್ಮಾನಿಸಿದಂತೆ ಇದು. ಲಿಪಿಕಾರನು ಒಂದು ಶಬ್ದಕ್ಕೆ ಬದಲಾಗಿ ಅದೇ ಮಾತ್ರೆಗಳ ಇನ್ನೊಂದು ಶಬ್ದವನ್ನು ಬರೆದಿದ್ದರೆ, ಛಂದಸ್ಸಿನ ಪರೀಕ್ಷೆ ಅದನ್ನು ಎಂದಿಗೂ ಹಿಡಿಯಲಾರದು.

ಆನಂತರ ದಿನಚರಿಯ ಪುಟಗಳನ್ನು ಓದಿದೆವು. 2020ರ ಮಾರ್ಚ್ ಕೊನೆಯಿಂದ ಅದೇ ವರ್ಷದ ನವೆಂಬರಿನವರೆಗೆ ಆ ವಿಮಾನ ಹಾರಿರಲಿಲ್ಲ. ಕೋವಿಡ್ ಸಾಂಕ್ರಾಮಿಕದ ನಿರ್ಬಂಧಗಳು ಮೊದಲ ಕಾರಣ. ಬಿಡಿಭಾಗವೊಂದಕ್ಕಾಗಿ ಕಾದದ್ದು ಎರಡನೆಯದು. ನಡುವೆ ಒಂದು ಇಡೀ ಮುಂಗಾರು ಕಳೆದಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲಿ ಸುರಿದ ಮಳೆ ಮತ್ತು ಬಂದ ಪ್ರವಾಹವನ್ನು ಇಲ್ಲಿಯ ಯಾರೂ ಮರೆತಿಲ್ಲ. ಹಸ್ತಪ್ರತಿಯಲ್ಲಿ ಗ್ರಂಥಪಾತ ಕಂಡಾಗ ಸಂಪಾದಕನು ಅಲ್ಲಿ ಏನಿತ್ತೆಂದು ಮಾತ್ರವಲ್ಲ, ಅಲ್ಲಿ ಏನು ಸಂಭವಿಸಿತೆಂದೂ ಕೇಳುತ್ತಾನೆ. ಎಂಟು ತಿಂಗಳ ಈ ಖಾಲಿ ಜಾಗದಲ್ಲಿ ಎಂಜಿನ್ನಿಗೆ ಏನು ಸಂಭವಿಸಿತು?

ಖಾಲಿ ಪೂರ್ತಿ ಖಾಲಿಯಾಗಿರಲಿಲ್ಲ. ಹದಿನೈದು ದಿನಗಳಿಗೊಮ್ಮೆ, ಎಂಜಿನ್ ಜಡವಾಗದಿರಲೆಂಬ ಸದುದ್ದೇಶದಿಂದ, ಅದನ್ನು ನೆಲದ ಮೇಲೆಯೇ ಹತ್ತು ನಿಮಿಷ ಓಡಿಸಿ ನಿಲ್ಲಿಸಿದ್ದರು. ಈ ಉಪಚಾರವೇ ಅಪಕಾರವಾಗಬಲ್ಲದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಭಾಗ ಪಿಸ್ಟನ್ನಿನ ಬಳೆಗಳನ್ನು ದಾಟಿ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆ. ಹಾರಾಟದಲ್ಲಿ ಎಣ್ಣೆ ಚೆನ್ನಾಗಿ ಕಾಯುವುದರಿಂದ ಆ ತೇವ ಆವಿಯಾಗಿ ಹೋಗುತ್ತದೆ. ಹತ್ತು ನಿಮಿಷದ ನೆಲದೋಟದಲ್ಲಿ ನೀರು ಹುಟ್ಟುವುದಷ್ಟೇ ನಡೆಯುತ್ತದೆ, ಹೊರಹೋಗುವುದು ನಡೆಯುವುದಿಲ್ಲ. ಈ ವಿಮಾನದಲ್ಲಿದ್ದ ಲೈಕಮಿಂಗ್ ಒ-320 ಎಂಜಿನ್ನಿನಲ್ಲಿ ಕ್ಯಾಮ್ ದಂಡ ಇರುವುದು ಮುಖ್ಯದಂಡಕ್ಕಿಂತ ಮೇಲೆ. ಎಂಜಿನ್ ನಿಂತಾಗ ಎಣ್ಣೆಯೆಲ್ಲ ಕೆಳಗೆ ಜಾರುತ್ತದೆ; ಎಲ್ಲಕ್ಕಿಂತ ಮೊದಲು ಬರಿದಾಗುವುದು ಈ ದಂಡ. ಬರಿಯ ಉಕ್ಕಿನ ಮೇಲೆ ತೇವ ಕೂತರೆ ತುಕ್ಕಿನ ಚುಕ್ಕಿ ಏಳುತ್ತದೆ. ಮತ್ತೆ ಎಂಜಿನ್ ಓಡಿದಾಗ ಆ ಚುಕ್ಕಿಯ ಅಂಚಿನಿಂದ ಗಟ್ಟಿಗೊಳಿಸಿದ ಮೇಲ್ಪದರ ಚಕ್ಕೆಚಕ್ಕೆಯಾಗಿ ಒಡೆಯುತ್ತದೆ. ಒಡೆದ ಒರಟು ಮೈ ತನ್ನೊಡನೆ ಉಜ್ಜುವ ಇನ್ನೊಂದು ಮೈಯನ್ನು ಅರಗೊರಸಿನಂತೆ ತಿನ್ನುತ್ತದೆ.

ಇದು ಊಹೆ ಮಾತ್ರ. ಊಹೆಗೆ ಆಧಾರ ಬೇಕಿತ್ತು. ಸೋಸುಕಾಗದವನ್ನು ಬಿಳಿಯ ತಟ್ಟೆಯ ಮೇಲೆ ಹರಡಿ, ಸೀಮೆಎಣ್ಣೆಯಲ್ಲಿ ತೊಳೆದು, ಕೆಳಗಿನಿಂದ ಅಯಸ್ಕಾಂತವನ್ನು ಸರಿಸಿದೆವು. ಹತ್ತು ಹನ್ನೆರಡು ಕಣಗಳು ಎದ್ದು ನಡೆದವು. ಪಿಸ್ಟನ್ನಿನ ಅಲ್ಯೂಮಿನಿಯಮ್ ಆಗಿದ್ದರೆ, ಆಧಾರಬಳೆಗಳ ಕಂಚಾಗಿದ್ದರೆ ಅವು ಅಲುಗಬಾರದು. ಆದ್ದರಿಂದ ಇವು ಉಕ್ಕು ಇಲ್ಲವೆ ಕಬ್ಬಿಣ. ಭೂತಗನ್ನಡಿಯಲ್ಲಿ ನೋಡಿದಾಗ ಅವುಗಳ ಆಕಾರ ಗಮನಾರ್ಹವಾಗಿತ್ತು: ತೆಳುವಾದ ಚಕ್ಕೆಗಳು, ಒಂದು ಮೈ ಕನ್ನಡಿಯಂತೆ ನುಣುಪು, ಇನ್ನೊಂದು ಮೈ ಒರಟು. ಸವೆತದಿಂದ ಬರುವ ಪುಡಿಗೆ ಎರಡು ಮೈಗಳಿರುವುದಿಲ್ಲ. ನುಣುಪಾದ ಮೈ ಒಂದು ಕಾಲದಲ್ಲಿ ಉಜ್ಜಿ ಹೊಳಪಿಸಿದ ಮೇಲ್ಮೈಯಾಗಿತ್ತು. ಒರಟು ಮೈ ಅದು ಕಿತ್ತುಬಂದ ಜಾಗ. ಎಂಜಿನ್ನಿನೊಳಗೆ ಎಲ್ಲಿಯೋ ಹೊಳಪಾದ ಉಕ್ಕಿನ ಮುಖವೊಂದು ಒಡೆದಿತ್ತು.

ಎಲ್ಲಿ ಎಂಬುದೇ ಉಳಿದ ಪ್ರಶ್ನೆ. ಅದಕ್ಕೂ ಮೊದಲು ಶಾಲೆಯ ಆಡಳಿತದ ಪ್ರಶ್ನೆಯೊಂದಿತ್ತು. ಕಣಗಳ ಪ್ರಮಾಣ ಸ್ವಲ್ಪವೇ. ಇಂಥ ಸಂದರ್ಭದಲ್ಲಿ ಎಣ್ಣೆ ಬದಲಿಸಿ, ಕೆಲವು ಗಂಟೆ ಹಾರಿಸಿ, ಮತ್ತೆ ಸೋಸುಕಾಗದವನ್ನು ನೋಡುವುದಕ್ಕೆ ತಯಾರಕರ ಸೂಚನೆಗಳಲ್ಲಿಯೇ ಅವಕಾಶವಿದೆ. ಹಾಗೆ ಮಾಡಬಹುದಲ್ಲ ಎಂದು ಆಡಳಿತ ಕೇಳುತ್ತಿತ್ತು. ಅದು ಅನ್ಯಾಯವಾದ ಪ್ರಶ್ನೆಯಲ್ಲ. ಎಂಟು ತಿಂಗಳು ಆದಾಯವಿಲ್ಲದೆ ನಿಂತಿದ್ದ ಸಂಸ್ಥೆಗೆ ಒಂದು ಎಂಜಿನ್ ಬಿಚ್ಚುವ ವೆಚ್ಚ ಸಣ್ಣದಲ್ಲ. ಆದರೆ ಆ ವಾರದ ಹಾರಾಟದ ಪಟ್ಟಿಯಲ್ಲಿ ಅದೇ ವಿಮಾನದ ಎದುರಿಗೆ ನಮ್ಮ ಕಟ್ಟಡದ ಯುವತಿಯ ಒಂಟಿ ದೂರಹಾರಾಟ ನಮೂದಾಗಿತ್ತು. ಅದು ಹಾರಾಟಕ್ಕೆ ಯೋಗ್ಯ ಎಂಬ ಬರಹದ ಕೆಳಗೆ ಸಹಿ ಮಾಡಬೇಕಾದವರು ನನ್ನ ಎದುರಿಗೆ ಕುಳಿತಿದ್ದ ಎಂಜಿನಿಯರ್. ಆ ಸಹಿ ಸಂಸ್ಥೆಯದಲ್ಲ, ವ್ಯಕ್ತಿಯದು. ಲೈಸೆನ್ಸ್ ಇರುವುದು ಅವರ ಹೆಸರಿನಲ್ಲಿ.

ಕ್ಯಾಮಿನ ದೋಷದಿಂದ ಎಂಜಿನ್ ಒಮ್ಮೆಲೇ ನಿಲ್ಲುವುದು ಅಪರೂಪ. ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ಶಕ್ತಿ ಮೆಲ್ಲಮೆಲ್ಲನೆ ಇಳಿಯುತ್ತದೆ. ಹೊಂದಿಕೊಂಡವನಿಗೆ ಗೊತ್ತೇ ಆಗುವುದಿಲ್ಲ. ಫೆಬ್ರವರಿಯ ತಂಪಿನಲ್ಲಿ ಕೊರತೆ ಕಾಣದು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿ, ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದ ಈ ಪ್ರಸ್ಥಭೂಮಿಯ ಗಾಳಿ ಇನ್ನಷ್ಟು ತೆಳುವಾದಾಗ, ಉಳಿದಿದ್ದ ಅಲ್ಪ ಮೀಸಲು ಶಕ್ತಿಯೂ ಮರಗಳ ಸಾಲಿನ ಮುಂದೆ ಮುಗಿದುಹೋಗಬಹುದು. ಇತ್ತ ಚಕ್ಕೆಗಳು ಎಣ್ಣೆಯೊಡನೆ ಸುತ್ತುತ್ತ ಪಂಪನ್ನೂ ಆಧಾರಬಳೆಗಳನ್ನೂ ಗೀರುತ್ತಿರುತ್ತವೆ. ಒಂಟಿ ಎಂಜಿನ್ನಿನ ವಿಮಾನಕ್ಕೆ ಎರಡನೆಯ ಅವಕಾಶವಿಲ್ಲ. ನಮ್ಮ ಭಾಗದ ಜನ ಇದನ್ನು ಕಣ್ಣಾರೆ ಬಲ್ಲರು. 1977ರಲ್ಲಿ ಮೊದಲು ಹಾರಿದ, ಬೆಂಗಳೂರಿನಲ್ಲಿಯೇ ರೂಪುಗೊಂಡ ದೀಪಕ್ ಎಂಬ ತರಬೇತಿ ವಿಮಾನದಲ್ಲಿ ಇದೇ ಲೈಕಮಿಂಗ್ ಕುಟುಂಬದ ಆರು ಸಿಲಿಂಡರುಗಳ, 260 ಅಶ್ವಶಕ್ತಿಯ ಎಂಜಿನ್ ಇತ್ತು. ಹಾರಾಟದ ನಡುವೆ ಎಂಜಿನ್ ಸ್ತಬ್ಧವಾಗುವ ಪ್ರಸಂಗಗಳು ಅದರ ಚರಿತ್ರೆಯುದ್ದಕ್ಕೂ ಮರುಕಳಿಸಿದವು. 2009ರ ಜುಲೈ 31ರಂದು ಮೆದಕ್ ಜಿಲ್ಲೆಯಲ್ಲಿ ಅಂಥ ಒಂದು ವಿಮಾನ ಬಿದ್ದು ವಾಯುಪಡೆಯ ಇಬ್ಬರು ಅಧಿಕಾರಿಗಳು ತೀರಿಕೊಂಡರು. ಆ ಬಳಿಕ ಇಡೀ ದೀಪಕ್ ಪಡೆಯನ್ನೇ ನೆಲಕ್ಕಿಳಿಸಲಾಯಿತು. ಅದರ ಜಾಗದಲ್ಲಿ 2013ರಿಂದ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನಗಳು ಬಂದವು. ಆ ವಿಮಾನದ ತೊಂದರೆ ನಾನು ಹೇಳುತ್ತಿರುವ ತೊಂದರೆಯಲ್ಲ. ಆದರೆ ನೆಲದ ಮೇಲೆ ಉತ್ತರಿಸದೆ ಬಿಟ್ಟ ಪ್ರಶ್ನೆಯನ್ನು ಆಕಾಶ ಮತ್ತೆ ಕೇಳುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನನಗೆ ತಿಳಿಯದು.

ಆದ್ದರಿಂದ ಈವರೆಗೆ ಯಾವ ಪರೀಕ್ಷೆಯೂ ಕೇಳದಿದ್ದ ಪ್ರಶ್ನೆಯನ್ನು ಕೇಳಲು ನಿಶ್ಚಯಿಸಿದೆವು: ಕವಾಟಗಳನ್ನು ನೂಕುವ ಟ್ಯಾಪೆಟುಗಳು ಎಷ್ಟೆಷ್ಟು ದೂರ ಚಲಿಸುತ್ತವೆ? ಇದನ್ನು ಎಂಜಿನ್ ಬಿಚ್ಚದೆಯೇ ಅಳೆಯಬಹುದು. ಸಿಲಿಂಡರಿನ ತಲೆಯ ಮುಚ್ಚಳ ತೆಗೆದು, ಸರಳನ್ನು ಹೊರಗೆಳೆದು, ಟ್ಯಾಪೆಟಿನ ಒಳಗಿರುವ ಎಣ್ಣೆ ತುಂಬಿದ ಪುಟ್ಟ ಘಟಕವನ್ನೂ ತೆಗೆಯಬೇಕು; ಇಲ್ಲದಿದ್ದರೆ ಅದು ಕುಗ್ಗಿ ಅಳತೆಯನ್ನು ಸುಳ್ಳು ಮಾಡುತ್ತದೆ. ಆ ಘಟಕ ಹೊರಬರುತ್ತದೆ, ಟ್ಯಾಪೆಟಿನ ದೇಹ ಬರುವುದಿಲ್ಲ. ಅದರ ಮುಖ ಅಣಬೆಯ ತಲೆಯಂತೆ ಅಗಲವಾಗಿರುವುದರಿಂದ ಕವಚವನ್ನು ಎರಡು ಹೋಳು ಮಾಡದೆ ಅದನ್ನು ಕಾಣಲಾಗದು. ಆದರೆ ಅದರ ಬೆನ್ನಿಗೆ ಉದ್ದನೆಯ ಕಡ್ಡಿಯ ಮೂಲಕ ಸೂಕ್ಷ್ಮಮಾಪಕವನ್ನು ತಾಗಿಸಿ, ಪ್ರೊಪೆಲರನ್ನು ಕೈಯಿಂದ ನಿಧಾನವಾಗಿ ತಿರುಗಿಸಿದರೆ, ಕಾಣದ ಉಬ್ಬು ಅದನ್ನು ಎಷ್ಟು ಎತ್ತುತ್ತದೆಂಬುದು ಮಾಪಕದ ಮುಳ್ಳಿನಲ್ಲಿ ಕಾಣುತ್ತದೆ.

ಎರಡು ದಿನಗಳ ನಂತರ ಎಂಜಿನಿಯರ್ ಎಂಟು ಅಳತೆಗಳನ್ನು ಓದಿ ಹೇಳಿದರು. ಹೊಗೆಯ ಕವಾಟಗಳ ನಾಲ್ಕು ಟ್ಯಾಪೆಟುಗಳೂ ಸಮವಾಗಿದ್ದವು. ಒಳಬಿಡುವ ಕವಾಟಗಳಲ್ಲಿ 3 ಮತ್ತು 4ನೆಯ ಸಿಲಿಂಡರುಗಳವು ಪರಸ್ಪರ ಸಮ. 1 ಮತ್ತು 2ನೆಯವು ಅವುಗಳಿಗಿಂತ ಅರ್ಧ ಮಿಲಿಮೀಟರಿಗೂ ಹೆಚ್ಚು ಕಡಿಮೆ. ಆ ಕೊರತೆ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ.

ಗ್ರಂಥಸಂಪಾದನೆಯನ್ನು ಓದಿದವರಿಗೆ ಇದರ ಅರ್ಥವನ್ನು ಹೇಳಬೇಕಾಗಿಲ್ಲ. ಎರಡು ಪ್ರತಿಗಳು ಸರಿಯಾದ ಪಾಠದಲ್ಲಿ ಒಮ್ಮತವಾಗಿದ್ದರೆ ಅದರಿಂದ ಅವುಗಳ ಸಂಬಂಧ ಸಿದ್ಧವಾಗುವುದಿಲ್ಲ. ಒಂದೇ ತಪ್ಪಿನಲ್ಲಿ ಒಮ್ಮತವಾಗಿದ್ದರೆ ಅವೆರಡಕ್ಕೂ ಒಂದೇ ಮಾತೃಕೆ ಇದ್ದಿರಬೇಕು, ತಪ್ಪು ಆ ಮಾತೃಕೆಯಲ್ಲಿಯೇ ಇದ್ದಿರಬೇಕು. ಡಿ.ಎಲ್. ನರಸಿಂಹಾಚಾರ್ಯರು ಕನ್ನಡದಲ್ಲಿ ಶಾಸ್ತ್ರವಾಗಿ ನೆಲೆಗೊಳಿಸಿದ ಈ ವಿದ್ಯೆಯ ಮೊದಲ ಪಾಠಗಳಲ್ಲಿ ಇದೂ ಒಂದು. 1 ಮತ್ತು 2ನೆಯ ಸಿಲಿಂಡರುಗಳು ಎದುರುಬದುರಾದವು. ಅವು ಹಂಚಿಕೊಳ್ಳುವುದು ಒಂದೇ ಉಬ್ಬನ್ನು. ಸಮಾನವಾದ ಕೊರತೆ ಸಮಾನವಾದ ಮೂಲವನ್ನು ತೋರಿಸಿತು. ಒಂದೇ ಬಗೆಯ ತಪ್ಪು ಇಬ್ಬರು ಲಿಪಿಕಾರರಿಂದ ಸ್ವತಂತ್ರವಾಗಿಯೂ ಆಗಬಹುದೆಂಬ ಎಚ್ಚರಿಕೆಯನ್ನೂ ಆ ಶಾಸ್ತ್ರ ಹೇಳುತ್ತದೆ. ಇಲ್ಲಿಯೂ ಎರಡು ಟ್ಯಾಪೆಟುಗಳು ತಮ್ಮಷ್ಟಕ್ಕೆ ತಾವೇ ಸವೆದಿರಬಹುದಲ್ಲ ಎಂದು ನಾವು ವಾದಿಸಿಕೊಂಡೆವು. ಹಾಗಿದ್ದರೆ ಕೊರತೆ ಇಷ್ಟು ಸಮವಾಗಿರುವುದೇಕೆ? ಚಕ್ಕೆಗಳು, ಎಂಟು ತಿಂಗಳ ಗ್ರಂಥಪಾತ, ನಯವಾಗಿದ್ದೂ ಶಕ್ತಿ ಕುಗ್ಗಿದ ನಡೆ, 'ಭಾರ' ಎಂಬ ಆ ಒಂದು ಮಾತು – ಒಂದನ್ನೊಂದು ಅವಲಂಬಿಸದ ನಾಲ್ಕು ಸಾಕ್ಷ್ಯಗಳು ಒಂದೇ ಕಡೆಗೆ ಕೈತೋರಿಸುತ್ತಿದ್ದವು. ಒಂಟಿಯಾಗಿ ಯಾವುದೂ ಎಂಜಿನ್ ಬಿಚ್ಚಲು ಸಾಲದು. ಕೂಡಿದಾಗ ಸಾಲುತ್ತಿದ್ದವು.

ಎಂಜಿನಿಯರ್ ಆ ದಿನವೇ ದಿನಚರಿಯಲ್ಲಿ ವಿಮಾನ ಹಾರಾಟಕ್ಕೆ ಯೋಗ್ಯವಲ್ಲ ಎಂದು ಬರೆದು ಸಹಿ ಮಾಡಿದರು. ಅದಕ್ಕಾಗಿ ಅವರು ಕೇಳಬೇಕಾಗಿ ಬಂದ ಮಾತುಗಳನ್ನು ಇಲ್ಲಿ ಬರೆಯುವುದು ಅನಗತ್ಯ. ಯುವತಿಯ ಒಂಟಿ ಹಾರಾಟ ಇನ್ನೊಂದು ವಿಮಾನದಲ್ಲಿ, ಮೂರು ವಾರಗಳ ಮೇಲೆ ನಡೆಯಿತು. ಎಂಜಿನ್ ಕಾರ್ಯಾಗಾರದಲ್ಲಿ ಎರಡು ಹೋಳಾದಾಗ ತೆಗೆದ ಚಿತ್ರಗಳನ್ನು ಅವರು ನನಗೆ ಕಳುಹಿಸಿದರು. 1 ಮತ್ತು 2ನೆಯ ಸಿಲಿಂಡರುಗಳ ಟ್ಯಾಪೆಟಿನ ಮುಖಗಳು ಸಿಡುಬಿನ ಕಲೆಗಳಂತೆ ಕುಳಿಬಿದ್ದಿದ್ದವು. ಅವು ಹಂಚಿಕೊಂಡಿದ್ದ ಉಬ್ಬಿನ ಚೂಪಾದ ಮೂತಿ ಸವೆದು ಮೊಂಡಾಗಿತ್ತು. ಪಕ್ಕದ ಉಬ್ಬುಗಳು ಹೊಸದರಂತೆ ಹೊಳೆಯುತ್ತಿದ್ದವು. ಎಣ್ಣೆಯ ಪಂಪಿನ ಒಳಗೋಡೆಯಲ್ಲಿ ಗೀರುಗಳು ಆಗಲೇ ಮೂಡಿದ್ದವು.

ಈ ಪ್ರಕರಣದ ಬಗೆಗೆ ಈಗ ಉಳಿದಿರುವ ಲಿಖಿತ ದಾಖಲೆ ಎಷ್ಟು? ದಿನಚರಿಯಲ್ಲಿ ಎರಡು ಸಾಲು; ಕಾರ್ಯಾಗಾರದ ವರದಿಯಲ್ಲಿ ಬದಲಿಸಿದ ಭಾಗಗಳ ಸಂಖ್ಯೆಗಳು. ಯಾವ ಮಾತು ಯಾವ ಸಂಶಯಕ್ಕೆ ಕಾರಣವಾಯಿತು, ಯಾವ ಪರೀಕ್ಷೆಯ ಮೌನವನ್ನು ಹೇಗೆ ಅರ್ಥ ಮಾಡಲಾಯಿತು ಎಂಬುದು ಎಲ್ಲಿಯೂ ಇಲ್ಲ. ನಮ್ಮ ವೃತ್ತಿಯ ವಿವೇಕವೆಲ್ಲ ಹೀಗೆ ಬಾಯಿಂದ ಕಿವಿಗೆ, ಹ್ಯಾಂಗರಿನ ಕತ್ತಲಲ್ಲಿ ದಾಟುತ್ತ ಬಂದದ್ದು. ನಾನು ಕೆಲಸಕ್ಕೆ ಸೇರಿದ ಕಾಲದ ಬೇಗಂಪೇಟೆಯಲ್ಲಿ ಹಿರಿಯ ಉಸ್ತಾದರೊಬ್ಬರಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಅವರು ದಖನಿಯಲ್ಲಿ ರೋಗ ಹೇಳುತ್ತಿದ್ದರು. ಅದನ್ನು ತೆಲುಗಿನವರು ತೆಲುಗಿನಲ್ಲಿ, ನಾವು ಬೀದರಿನವರು ಕನ್ನಡದಲ್ಲಿ ನಮ್ಮೊಳಗೆ ಹೇಳಿಕೊಂಡು ಕಲಿತೆವು. ಗಡಗಡ ಬೇರೆ, ಗರಗರ ಬೇರೆ, ಕಟಕಟ ಬೇರೆ, ಟಿಕಟಿಕ ಬೇರೆ. ಒಂದೊಂದೂ ಒಂದೊಂದು ಭಾಗದ ಹೆಸರು. ಇದೇ ನಗರದಲ್ಲಿ, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಎಂಜಿನಿಯರಿಂಗನ್ನೂ ಉರ್ದುವಿನಲ್ಲಿ ಬೋಧಿಸಲು ಹೊರಟು, ಅನುವಾದಕ್ಕೆಂದೇ ಒಂದು ಸಂಸ್ಥೆಯನ್ನು ನಡೆಸಿ, ಸಾವಿರಾರು ಪಾರಿಭಾಷಿಕ ಪದಗಳನ್ನು ಟಂಕಿಸಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಅವು ವಿದ್ವಾಂಸರು ಕೂಡಿ ನಿರ್ಮಿಸಿದ ಪದಗಳು. ಉಸ್ತಾದರ ಪದಗಳನ್ನು ಯಾರೂ ಕೂಡಿ ನಿರ್ಮಿಸಲಿಲ್ಲ. ಯಾರೂ ಬರೆದಿಡಲೂ ಇಲ್ಲ.

ಕನ್ನಡದಲ್ಲಿ ಕೃಷಿ, ನೇಯ್ಗೆ, ಕುಂಬಾರಿಕೆ, ಬಡಗಿತನಗಳ ವೃತ್ತಿಪದಗಳನ್ನು ಸಂಗ್ರಹಿಸುವ ಕೆಲಸ ಶ್ರದ್ಧೆಯಿಂದ ನಡೆದಿದೆ. ಯಂತ್ರದ ಮುಂದೆ ನಿಂತು ದುಡಿಯುವವನ ಕನ್ನಡ ಮಾತ್ರ, ಅದರಲ್ಲಿ ಇಂಗ್ಲಿಷಿನ ಹೆಸರುಗಳು ತುಂಬಿರುವುದರಿಂದಲೋ ಏನೋ, ವಿದ್ವಾಂಸರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಹೆಸರುಗಳು ಎರವಲಾಗಿರಬಹುದು, ಕ್ರಿಯಾಪದಗಳೂ ಅನುಕರಣಶಬ್ದಗಳೂ ನಮ್ಮವೇ. ಎಂಜಿನ್ ಕೆಮ್ಮುತ್ತದೆ, ಮುಗ್ಗರಿಸುತ್ತದೆ, ಉಬ್ಬಸ ಪಡುತ್ತದೆ, ಹಟ ಹಿಡಿಯುತ್ತದೆ, ಭಾರವಾಗುತ್ತದೆ. ಇವು ಒಂದಕ್ಕೊಂದು ಪರ್ಯಾಯಗಳಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ರೋಗವೇ ಬೇರೆಯಾಗುತ್ತದೆ. ಇಂಥ ಒಂದು ಪದವನ್ನು ಕಲಿಯುವವಳ ಅಳುಕೆಂದು ಬದಿಗೆ ಸರಿಸಿದಾಗ ಎಂಟು ಅಳತೆಗಳ ಪರೀಕ್ಷೆಯೂ ಬದಿಗೆ ಸರಿದಿತ್ತು. ಆ ಪದಕ್ಕೆ ಕಿವಿಗೊಟ್ಟ ಮೇಲೆ ಪರೀಕ್ಷೆ ಸಾಧ್ಯವಾಯಿತು.

ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ತಮ್ಮ ಬರವಣಿಗೆಯ ಲೋಪದೋಷಗಳನ್ನು ತಿದ್ದಿ ಓದಿಕೊಳ್ಳಬೇಕೆಂದು ಓದುಗರನ್ನು ಬೇಡಿಕೊಳ್ಳುವ ವಾಡಿಕೆಯುಂಟು. ಎಂಜಿನ್ ಹಾಗೆ ಬೇಡುವುದಿಲ್ಲ. ತನ್ನ ತಪ್ಪನ್ನು ಅದು ಒಂದು ಸೋಸುಕಾಗದದ ಮಡಿಕೆಯಲ್ಲಿ, ಒಂದು ಖಾಲಿ ಪುಟದಲ್ಲಿ, ಯಾರದೋ ಒಂದು ಮಾತಿನಲ್ಲಿ ಚದುರಿಸಿಡುತ್ತದೆ. ಅವನ್ನು ಕೂಡಿಸಿ ಓದುವ ಶಿಕ್ಷಣ ನನಗೆ ಮೊದಲು ಹ್ಯಾಂಗರಿನಲ್ಲಿಯೂ ಅನಂತರ ಈ ವಿಭಾಗದಲ್ಲಿಯೂ ದೊರೆಯಿತು. ವಿಭಾಗದ ಇಂದಿನ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೆಲವು ತಿಂಗಳು ಬಿಡುವು ಮಾಡಿಕೊಂಡು ಜಕ್ಕೂರಿಗೋ ಹೈದರಾಬಾದಿನ ಹೊರವಲಯಕ್ಕೋ ಬಂದು, ವಯಸ್ಸಾದ ಮೆಕ್ಯಾನಿಕರ ಪಕ್ಕದಲ್ಲಿ ಕುಳಿತು, ಅವರು ಯಾವ ಸದ್ದಿಗೆ ಏನೆನ್ನುತ್ತಾರೆಂಬುದನ್ನು ಬರೆದುಕೊಂಡರೆ ಒಂದು ಒಳ್ಳೆಯ ಪ್ರಬಂಧಕ್ಕೆ ಬೇಕಾದಷ್ಟು ಸಾಮಗ್ರಿ ದೊರೆತೀತು. ಉಸ್ತಾದರ ಪೀಳಿಗೆ ಆಗಲೇ ಮುಗಿದಿದೆ. ನನ್ನ ಪೀಳಿಗೆಯವರು ಇನ್ನೂ ಕೆಲವರು ಉಳಿದಿದ್ದೇವೆ, ಕೇಳಿದರೆ ಹೇಳುತ್ತೇವೆ.